18 ಶಿಲಿಂಗಿನಿಂದ ಸೊನ್ನೆಯವರೆಗೆ: ಒಂದು ಕಾದಂಬರಿಯ ಬೆಲೆಯ ಚರಿತ್ರೆ

ಕಳೆದ ಸೆಮಿಸ್ಟರಿನಲ್ಲಿ ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳು ಫೋನಿನ ಪರದೆಯನ್ನು ನನ್ನ ಮುಂದೆ ಹಿಡಿದು, ‘ಇವುಗಳಲ್ಲಿ ಯಾವುದನ್ನು ಕೊಳ್ಳಲಿ?’ ಎಂದು ಕೇಳಿದಳು. ಆಕೆ ಹುಡುಕುತ್ತಿದ್ದದ್ದು ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’. ಮೂರು ನಾಲ್ಕು ಆನ್‌ಲೈನ್ ಮಳಿಗೆಗಳನ್ನು ತೆರೆದು ಬೆಲೆ ಹೋಲಿಸಿ ನೋಡಿದ್ದಳು. ಇ-ಪುಸ್ತಕ ಒಂದು ಕಡೆ ಪೂರ್ತಿ ಉಚಿತ. ಮುದ್ರಿತ ಪ್ರತಿ ಒಂದು ಊಟದ ಬೆಲೆಗೂ ಸಿಗುತ್ತದೆ, ಅದರ ಮೂರು ಪಟ್ಟಿಗೂ ಸಿಗುತ್ತದೆ. ಬಂಗಾರದ ಬಣ್ಣದ ನವಿಲು ಹೊದ್ದ ಗಟ್ಟಿರಟ್ಟಿನ ಪ್ರತಿ ಇನ್ನಷ್ಟು ದುಬಾರಿ. ವಿಶ್ವವಿದ್ಯಾಲಯದ ಮುದ್ರಣಾಲಯ ತಂದ ಟಿಪ್ಪಣಿ ಸಹಿತದ ಆವೃತ್ತಿಯಂತೂ ಅವಳ ತಿಂಗಳ ಹಾಸ್ಟೆಲ್ ಖರ್ಚನ್ನು ಮೀರುವಂತಿತ್ತು. ‘ಎಲ್ಲದರ ಒಳಗೂ ಇರೋದು ಅದೇ ಕತೆ ತಾನೆ?’ ಎಂದಳು. ‘ಹೌದು, ಅಗ್ಗದ್ದು ತಗೊ’ ಎಂದು ಹೇಳಿ ಕಳಿಸಿದೆ.

ಹಾಗೆ ಹೇಳಿದ ಮೇಲೆ ಆ ಪಟ್ಟಿ ನನ್ನ ತಲೆಯಿಂದ ಹೋಗಲಿಲ್ಲ. ಒಂದೇ ಕತೆಗೆ ಇಷ್ಟೊಂದು ಬೆಲೆಗಳು ಎಲ್ಲಿಂದ ಬಂದವು? ಅಂಗಡಿಯವರ ರಿಯಾಯಿತಿ, ಕಾಗದದ ದಪ್ಪ, ರಟ್ಟಿನ ಚಂದ ಇವುಗಳಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದರ್ಧ ಚರಿತ್ರೆಯಲ್ಲಿದೆ. ಆ ಪಟ್ಟಿಯ ಒಂದೊಂದು ಬೆಲೆಯೂ ಕಳೆದ ಎರಡು ಶತಮಾನಗಳ ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಬಗೆಯ ಓದುಗರನ್ನು ನೆನೆದು ಹುಟ್ಟಿದ್ದು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಈ ಕಾದಂಬರಿ ‘ಕ್ಲಾಸಿಕ್’ ಆದದ್ದಕ್ಕೆ ಅದರ ಗುಣ ಎಷ್ಟು ಕಾರಣವೋ, ಅದರ ಬೆಲೆ ಇಳಿದ ಬಗೆಯೂ ಅಷ್ಟೇ ಕಾರಣ.

ಮೊದಲಿನಿಂದ ನೋಡೋಣ. ‘ಪ್ರೈಡ್ ಅಂಡ್ ಪ್ರಿಜುಡಿಸ್’ ಲಂಡನ್ನಿನಲ್ಲಿ ಪ್ರಕಟವಾದದ್ದು 1813ರ ಜನವರಿ 28ರಂದು. ಪ್ರಕಾಶಕ ಥಾಮಸ್ ಎಗರ್ಟನ್. ಪುಸ್ತಕ ಮೂರು ಸಂಪುಟಗಳಲ್ಲಿತ್ತು. ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಕರ್ತೃವಿನಿಂದ ಎಂದಷ್ಟೇ ಇತ್ತು. ಬೆಲೆ 18 ಶಿಲಿಂಗ್. ಆಗಿನ ಲೆಕ್ಕದಲ್ಲಿ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಹೊಲದಲ್ಲಿ ದುಡಿಯುವ ಇಂಗ್ಲಿಷ್ ಕೂಲಿಯವನ ವಾರದ ಸಂಬಳ ಸುಮಾರು 10ರಿಂದ 15 ಶಿಲಿಂಗ್ ಇದ್ದ ಕಾಲ ಅದು. ವಾರವಿಡೀ ದುಡಿದರೂ ಒಂದು ಕಾದಂಬರಿ ಕೊಳ್ಳಲು ಸಾಲದು. ಅಷ್ಟು ಕೊಟ್ಟರೂ ಕೈಗೆ ಬರುತ್ತಿದ್ದದ್ದು ಸಾದಾ ರಟ್ಟು ಹಾಕಿದ ಪ್ರತಿ. ಉಳ್ಳವರು ಅದನ್ನು ತಮ್ಮ ಖರ್ಚಿನಲ್ಲಿ ಚರ್ಮದ ಬೈಂಡು ಹಾಕಿಸಿಕೊಳ್ಳುತ್ತಿದ್ದರು.

ಕಾದಂಬರಿಯ ಒಳಗೂ ದುಡ್ಡಿನ ಲೆಕ್ಕ ಉದ್ದಕ್ಕೂ ಬರುತ್ತದೆ. ಡಾರ್ಸಿಯ ವರಮಾನ ವರ್ಷಕ್ಕೆ 10,000 ಪೌಂಡ್, ಬೆನೆಟ್ ಕುಟುಂಬದ್ದು 2,000. ಈ ಪುಸ್ತಕವನ್ನು ಲೆಕ್ಕ ನೋಡದೆ ಕೊಳ್ಳಬಲ್ಲವರು ಅದರೊಳಗಿನ ಪಾತ್ರಗಳಂಥವರೇ ಆಗಿದ್ದರು. ಅವರ ಮನೆಯ ಅಡುಗೆಯವಳಿಗಾಗಲಿ ಸಾರೋಟು ಹೊಡೆಯುವವನಿಗಾಗಲಿ ಅದು ಎಟುಕುವ ವಸ್ತುವಾಗಿರಲಿಲ್ಲ.

ಬೆಲೆ ಯಾಕೆ ಅಷ್ಟು ಹೆಚ್ಚು? ಹತ್ತಿ, ನಾರಿನ ಚಿಂದಿಬಟ್ಟೆಯಿಂದ ಕಾಗದ ತಯಾರಾಗುತ್ತಿತ್ತು. ಕಾಗದ ಮಾಡುವ ಯಂತ್ರ ಆಗಷ್ಟೇ ಬರತೊಡಗಿತ್ತು. ಕಾಗದದ ಮೇಲೆ ಸರ್ಕಾರ ಸುಂಕ ಹಾಕಿತ್ತು. ಬ್ರಿಟನ್ನಿನಲ್ಲಿ ಆ ಸುಂಕ ರದ್ದಾದದ್ದು 1861ರಲ್ಲಿ. ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸಿ, ಮುದ್ರಿಸಿ, ಬಿಚ್ಚಿ, ಮತ್ತೆ ಮುಂದಿನ ಹಾಳೆಗಳಿಗೆ ಜೋಡಿಸಬೇಕಿತ್ತು. ಹೀಗಾಗಿ ಪ್ರಕಾಶಕರಿಗೆ ಕಡಿಮೆ ಪ್ರತಿ ಮುದ್ರಿಸಿ ಹೆಚ್ಚು ಬೆಲೆಗೆ ಮಾರುವುದೇ ಕ್ಷೇಮ ಅನಿಸುತ್ತಿತ್ತು. ಸಾವಿರಾರು ಬಡ ಓದುಗರನ್ನು ಹುಡುಕಿಕೊಂಡು ಹೋಗುವ ಅಪಾಯಕ್ಕಿಂತ ಕೆಲವು ನೂರು ಶ್ರೀಮಂತರನ್ನು ನಂಬುವುದು ಸುಲಭ.

ಹೀಗೆ ಬಂದ ಹಣದಲ್ಲಿ ಬರೆದವಳಿಗೆ ಸಿಕ್ಕಿದ್ದೆಷ್ಟು? ಆಸ್ಟಿನ್ ಈ ಕೃತಿಯ ಹಕ್ಕನ್ನು ಎಗರ್ಟನ್‌ಗೆ ಒಂದೇ ಸಲಕ್ಕೆ ಮಾರಿದ್ದಳು. ಅವಳು ಬಯಸಿದ್ದು 150 ಪೌಂಡ್, ಸಿಕ್ಕಿದ್ದು 110. ಅಂಗಡಿ ಬೆಲೆಯಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 122 ಪ್ರತಿಗಳ ಹಣ. ಅದೇ ವರ್ಷ ಎರಡನೆಯ ಮುದ್ರಣ ಬಂತು, 1817ರಲ್ಲಿ ಮೂರನೆಯದು. ಹಕ್ಕು ಮಾರಿಬಿಟ್ಟಿದ್ದರಿಂದ ಅವುಗಳಿಂದ ಅವಳಿಗೆ ಒಂದು ಪೆನ್ನಿಯೂ ಬರಲಿಲ್ಲ. ಪುಸ್ತಕ ಬಂದ ಮರುದಿನ ಅಕ್ಕ ಕಸ್ಸಾಂಡ್ರಾಳಿಗೆ ಬರೆದ ಕಾಗದದಲ್ಲಿ ಆಸ್ಟಿನ್ ಈ 18 ಶಿಲಿಂಗಿನ ಬೆಲೆಯನ್ನೇ ತಮಾಷೆ ಮಾಡುತ್ತಾಳೆ: ಮುಂದಿನ ಎರಡು ಪುಸ್ತಕಗಳಿಗೆ ಅವನು ಒಂದು ಪೌಂಡ್ ಒಂದು ಶಿಲಿಂಗ್ ಕೇಳಲಿ, ತನ್ನ ಅತ್ಯಂತ ಪೆದ್ದು ಪುಸ್ತಕಕ್ಕೆ ಒಂದು ಪೌಂಡ್ ಎಂಟು ಶಿಲಿಂಗ್ ಇಡಲಿ ಎಂಬ ಅರ್ಥದಲ್ಲಿ. ತಮಾಷೆ ಅರ್ಧ ನಿಜವಾಯಿತು. 1815ರ ಕೊನೆಯಲ್ಲಿ ಬೇರೆ ಪ್ರಕಾಶಕನಾದ ಜಾನ್ ಮರ್ರಿ ತಂದ ‘ಎಮ್ಮಾ’ದ ಬೆಲೆ ಸರಿಯಾಗಿ ಒಂದು ಪೌಂಡ್ ಒಂದು ಶಿಲಿಂಗ್ ಆಗಿತ್ತು.

ಇಷ್ಟು ದುಬಾರಿಯಾದ ಪುಸ್ತಕವನ್ನು ಜನ ಓದುತ್ತಿದ್ದದ್ದು ಹೇಗೆ? ಬಾಡಿಗೆಗೆ ತಂದು. ವರ್ಷಕ್ಕೋ ತಿಂಗಳಿಗೋ ಚಂದಾ ಕಟ್ಟಿ ಪುಸ್ತಕ ಒಯ್ಯುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಆಗ ಇಂಗ್ಲೆಂಡಿನ ಊರೂರಲ್ಲಿ ಇದ್ದವು. ಆಸ್ಟಿನ್ ಕೂಡ ಇಂಥವುಗಳ ಚಂದಾದಾರಳಾಗಿದ್ದಳು. ಮೂರು ಸಂಪುಟಗಳ ಏರ್ಪಾಡು ಈ ಲೈಬ್ರರಿಗಳಿಗೆ ವರವಾಗಿತ್ತು. ಒಂದೇ ಕಾದಂಬರಿಯನ್ನು ಒಂದೇ ಹೊತ್ತಿಗೆ ಮೂವರಿಗೆ ಕೊಡಬಹುದಲ್ಲ! ನಮ್ಮಲ್ಲಿಯೂ ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅನಕೃ, ತರಾಸು, ತ್ರಿವೇಣಿಯವರ ಕಾದಂಬರಿಗಳು ಕೈಯಿಂದ ಕೈಗೆ ಸವೆದದ್ದನ್ನು ಹಿಂದಿನ ತಲೆಮಾರಿನವರು ನೆನೆಯುತ್ತಾರೆ. ಅಲ್ಲಿನ ಕತೆಯೂ ಅದೇ: ಕೊಂಡವರಿಗಿಂತ ಓದಿದವರು ಎಷ್ಟೋ ಪಟ್ಟು ಹೆಚ್ಚು. ಜನ ಕೊಳ್ಳುವುದಕ್ಕಿಂತ ಎರವಲು ತಂದು ಹೊಗಳುವುದಕ್ಕೇ ಮುಂದು ಎಂದು ಆಸ್ಟಿನ್ ಒಂದು ಕಾಗದದಲ್ಲಿ ಗೊಣಗಿದ್ದೂ ಉಂಟು. ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲೇ ಪಾದ್ರಿ ಕಾಲಿನ್ಸ್, ತನ್ನ ಕೈಗಿತ್ತ ಪುಸ್ತಕ ಬಾಡಿಗೆ ಲೈಬ್ರರಿಯದ್ದು ಎಂದು ಕಂಡ ಕೂಡಲೇ ಬೆಚ್ಚಿ ಹಿಂದೆ ಸರಿದು, ತಾನು ಕಾದಂಬರಿ ಓದುವುದೇ ಇಲ್ಲ ಎಂದು ಘೋಷಿಸುತ್ತಾನೆ. ಬಾಡಿಗೆ ಪುಸ್ತಕದಲ್ಲೇ ಈ ದೃಶ್ಯವನ್ನು ಓದಿದ ಅಂದಿನವರು ಎಷ್ಟು ನಕ್ಕಿರಬೇಕು!

ಆ ಮೂರು ಸಂಪುಟಗಳು ಬರೀ ವ್ಯಾಪಾರದ ಉಪಾಯವಾಗಿ ಉಳಿಯಲಿಲ್ಲ ಎಂಬುದು ಮುಖ್ಯ. ಮೊದಲ ಸಂಪುಟದಲ್ಲಿ 23 ಅಧ್ಯಾಯ, ಎರಡು ಮತ್ತು ಮೂರನೆಯದರಲ್ಲಿ ತಲಾ 19. ಮೊದಲ ಸಂಪುಟ ಮುಗಿಯುವುದು ಎಲಿಜಬೆತ್‌ಳ ಗೆಳತಿ ಶಾರ್ಲೆಟ್ ಅದೇ ಕಾಲಿನ್ಸ್‌ನನ್ನು ಮದುವೆಯಾಗಲು ಒಪ್ಪಿದ ಸುದ್ದಿ ಮನೆಯನ್ನು ಅಲ್ಲಾಡಿಸಿದಾಗ. ಎರಡನೆಯದು ಮುಗಿಯುವುದು ಎಲಿಜಬೆತ್ ಡಾರ್ಸಿಯ ಪೆಂಬರ್ಲಿ ಎಸ್ಟೇಟನ್ನು ನೋಡಲು ಹೋಗುವುದು ಖಚಿತವಾದ ಹೊತ್ತಿಗೆ. ಮೂರನೆಯದು ತೆರೆದುಕೊಳ್ಳುವುದೇ ಪೆಂಬರ್ಲಿಯ ಕಾಡಿನ ಅಂಚಿನಲ್ಲಿ. ಮೂರನೆಯ ಸಂಪುಟ ಲೈಬ್ರರಿಯಲ್ಲಿ ಇನ್ನೊಬ್ಬರ ಪಾಲಾಗಿದ್ದರೆ ಓದುಗ ಆ ಗೇಟಿನ ಮುಂದೆ ದಿನಗಟ್ಟಲೆ ಕಾಯಬೇಕಿತ್ತು. ಬೆಲೆ ಮತ್ತು ಬಾಡಿಗೆಯ ಒತ್ತಡದಲ್ಲಿ ಹುಟ್ಟಿದ ರೂಪವನ್ನು ಆಸ್ಟಿನ್ ಕತೆಯ ಕೀಲುಗಳನ್ನಾಗಿ ಮಾಡಿಕೊಂಡಿದ್ದಳು. ಇಂದಿನ ಬಹುಪಾಲು ಅಗ್ಗದ ಪ್ರತಿಗಳಲ್ಲಿ 1ರಿಂದ 61ರವರೆಗೆ ಅಧ್ಯಾಯಗಳು ಸಾಲಾಗಿ ಸಾಗುತ್ತವೆ. ಕೀಲು ಎಲ್ಲಿತ್ತು ಎಂದು ಗೊತ್ತೇ ಆಗುವುದಿಲ್ಲ.

1817ರಲ್ಲಿ, 41ನೆಯ ವಯಸ್ಸಿನಲ್ಲಿ ಆಸ್ಟಿನ್ ತೀರಿಕೊಂಡಳು. ಆಮೇಲೆ ನಡೆದದ್ದನ್ನು ಅವಳ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಮಾರಾಟವಾಗದೆ ಉಳಿದಿದ್ದ ‘ಎಮ್ಮಾ’ ಪ್ರತಿಗಳನ್ನು ಮರ್ರಿ ಎರಡು ಶಿಲಿಂಗಿನ ಆಸುಪಾಸಿನ ಬೆಲೆಗೆ ಸಾಗಹಾಕಿಬಿಟ್ಟ. 21 ಶಿಲಿಂಗಿನ ಪುಸ್ತಕ ಹತ್ತನೆಯ ಒಂದು ಪಾಲಿಗೆ! ಇಪ್ಪತ್ತರ ದಶಕದಲ್ಲಿ ಅವಳ ಕಾದಂಬರಿಗಳ ಹೊಸ ಮುದ್ರಣವೇ ಇಂಗ್ಲೆಂಡಿನಲ್ಲಿ ಬರಲಿಲ್ಲ. ಆ ಕಾಲದಲ್ಲಿ ಅಗ್ಗವಾಗುವುದೆಂದರೆ ಸೋತುಹೋಗುವುದು. ಇತ್ತ ಹೊಸ ಕಾದಂಬರಿಗಳ ಬೆಲೆ ಏರುತ್ತಲೇ ಇತ್ತು. ವಾಲ್ಟರ್ ಸ್ಕಾಟ್‌ನ 1821ರ ‘ಕೆನಿಲ್ವರ್ತ್’ 31 ಶಿಲಿಂಗ್ 6 ಪೆನ್ಸಿಗೆ ಬಂತು. ಮೂರು ಸಂಪುಟದ ಕಾದಂಬರಿಗೆ ಅದೇ ಬೆಲೆ ಎಂಬುದು ಮುಂದೆ ರೂಢಿಯಾಗಿ, 1894ರಲ್ಲಿ ದೊಡ್ಡ ಬಾಡಿಗೆ ಲೈಬ್ರರಿಗಳೇ ಇನ್ನು ಸಾಧ್ಯವಿಲ್ಲ ಎಂದು ಕೈಚೆಲ್ಲುವವರೆಗೆ ಉಳಿಯಿತು.

ಆಸ್ಟಿನ್‌ಳನ್ನು ಮರೆವಿನಿಂದ ಎತ್ತಿದವನು ರಿಚರ್ಡ್ ಬೆಂಟ್ಲಿ ಎಂಬ ಪ್ರಕಾಶಕ. 1832ರಲ್ಲಿ ಅವನು ಐದು ಕಾದಂಬರಿಗಳ ಹಕ್ಕನ್ನು ಅವಳ ಅಣ್ಣ ಹೆನ್ರಿ ಮತ್ತು ಅಕ್ಕ ಕಸ್ಸಾಂಡ್ರಾರಿಂದ 210 ಪೌಂಡಿಗೆ ಕೊಂಡ. ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ಹಕ್ಕು ಮಾತ್ರ ಎಗರ್ಟನ್‌ನ ವಾರಸುದಾರರ ಬಳಿ ಇತ್ತು, ಅದಕ್ಕೆ 40 ಪೌಂಡ್ ಕೊಟ್ಟ. ಇಂದು ಜಗತ್ತೆಲ್ಲ ಓದುವ ಕಾದಂಬರಿಯ ಸಂಪೂರ್ಣ ಹಕ್ಕಿನ ಬೆಲೆ ಆಗ 40 ಪೌಂಡ್! 1833ರಲ್ಲಿ ಬೆಂಟ್ಲಿ ತನ್ನ ‘ಸ್ಟ್ಯಾಂಡರ್ಡ್ ನಾವೆಲ್ಸ್’ ಮಾಲೆಯಲ್ಲಿ ಅದನ್ನು ಒಂದೇ ಸಂಪುಟದಲ್ಲಿ 6 ಶಿಲಿಂಗಿಗೆ ತಂದ. ಬೆಲೆ ಒಂದೇ ಏಟಿಗೆ ಮೂರನೆಯ ಒಂದು ಪಾಲಿಗೆ ಇಳಿಯಿತು. ಕೂಲಿಯವನಿಗೆ ಅದು ಈಗಲೂ ದೂರವೇ. ಶಾಲಾ ಮಾಸ್ತರನಿಗೆ, ಕಚೇರಿಯ ಗುಮಾಸ್ತನಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದಿತ್ತು.

ಇನ್ನೂ ದೊಡ್ಡ ಇಳಿತಕ್ಕೆ ಕಾರಣವಾದದ್ದು ಕಾನೂನು. ಕೃತಿಯ ಮೇಲಿನ ಹಕ್ಕು ಎಂದೆಂದಿಗೂ ತಮ್ಮದೇ ಎಂದು ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಹದಿನೆಂಟನೆಯ ಶತಮಾನದಲ್ಲಿ ವಾದಿಸುತ್ತಿದ್ದರು. ಎಡಿನ್‌ಬರೋದ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಂಬ ವ್ಯಾಪಾರಿ ಹಳೆಯ ಕೃತಿಗಳನ್ನು ಅಗ್ಗವಾಗಿ ಮುದ್ರಿಸಿ ಅವರನ್ನು ಎದುರುಹಾಕಿಕೊಂಡ. 1774ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರವಾಗಿ ತೀರ್ಪಿತ್ತು, ಹಕ್ಕಿಗೆ ಕಾಲಮಿತಿ ಇದೆ ಎಂದಿತು. ಕೂಡಲೇ ಹಳೆಯ ಕವಿಗಳ ಅಗ್ಗದ ಮಾಲೆಗಳ ಸಾಲೇ ಹೊರಟಿತು. ಜಾನ್ ಬೆಲ್ ಎಂಬಾತ 1777ರಿಂದ ಇಂಗ್ಲಿಷ್ ಕವಿಗಳನ್ನು 109 ಪುಟ್ಟ ಸಂಪುಟಗಳಲ್ಲಿ, ತಲಾ ಒಂದೂವರೆ ಶಿಲಿಂಗಿಗೆ ಮಾರಿದ. ವಿಲಿಯಂ ಸೇಂಟ್ ಕ್ಲೇರ್ 2004ರ ತಮ್ಮ ದೊಡ್ಡ ಅಧ್ಯಯನದಲ್ಲಿ ತೋರಿಸುವುದು ಇದನ್ನೇ: ‘ಇಂಗ್ಲಿಷಿನ ಮೇರು ಕೃತಿಗಳು’ ಎಂದು ನಾವು ಕರೆಯುವ ಪಟ್ಟಿ ರೂಪುಗೊಂಡದ್ದರಲ್ಲಿ ವಿಮರ್ಶಕರ ಮೆಚ್ಚುಗೆಯ ಜೊತೆಗೆ ಹಕ್ಕು ತೀರಿದ ಕೃತಿಗಳ ಅಗ್ಗದ ಮರುಮುದ್ರಣಕ್ಕೂ ದೊಡ್ಡ ಪಾಲಿದೆ. ಜನಕ್ಕೆ ಸಿಕ್ಕಿದ್ದನ್ನು ಜನ ಓದಿದರು. ಓದಿದ್ದನ್ನು ಮಕ್ಕಳಿಗೂ ಕೊಟ್ಟರು.

1814ರ ಕಾಯಿದೆ ಹಕ್ಕಿನ ಅವಧಿಯನ್ನು ಪ್ರಕಟಣೆಯಿಂದ 28 ವರ್ಷಕ್ಕೆ, ಲೇಖಕರು ಅದಕ್ಕೂ ಹೆಚ್ಚು ಬದುಕಿದರೆ ಅವರ ಜೀವಿತಾವಧಿಗೆ ನಿಗದಿ ಮಾಡಿತ್ತು. ಆ ಲೆಕ್ಕದಲ್ಲಿ ‘ಪ್ರೈಡ್ ಅಂಡ್ ಪ್ರಿಜುಡಿಸ್’ 1841ರಲ್ಲಿ ಎಲ್ಲರ ಸೊತ್ತಾಯಿತು. ಮರುವರ್ಷ, 1842ರಲ್ಲಿ ಬಂದ ಹೊಸ ಕಾಯಿದೆ ಅವಧಿಯನ್ನು 42 ವರ್ಷಕ್ಕೆ ಏರಿಸಿತು. ಕೂದಲೆಳೆಯಲ್ಲಿ ಈ ಕಾದಂಬರಿ ಪಾರಾಗಿತ್ತು. ಅದೇ ಹೊತ್ತಿಗೆ ಇಂಗ್ಲೆಂಡಿನ ತುಂಬ ರೈಲು ಹಳಿಗಳು ಹರಡುತ್ತಿದ್ದವು. 1848ರಲ್ಲಿ ಡಬ್ಲ್ಯು.ಎಚ್. ಸ್ಮಿತ್ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆ ತೆರೆದ. 1849ರಲ್ಲಿ ಜಾರ್ಜ್ ರೌಟ್ಲೆಜ್ ಪ್ರಯಾಣಿಕರಿಗೆಂದೇ ‘ರೈಲ್ವೆ ಲೈಬ್ರರಿ’ ಎಂಬ ಮಾಲೆ ಶುರುಮಾಡಿದ. ಒಂದೆರಡು ಶಿಲಿಂಗಿನ ಪುಸ್ತಕಗಳು. ಆಸ್ಟಿನ್ ಅದರ ಮೊದಲ ಪುಸ್ತಕಗಳ ಸಾಲಿನಲ್ಲೇ ಇದ್ದಳು. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾರಿಗೂ ಹಣ ಕೊಡಬೇಕಿರಲಿಲ್ಲ. ನಮ್ಮ ದಕ್ಷಿಣದ ರೈಲು ನಿಲ್ದಾಣಗಳಲ್ಲಿ ಹಿಗ್ಗಿನ್‌ಬಾಥಮ್ಸ್ ಮಳಿಗೆಗಳನ್ನು ಕಂಡವರಿಗೆ ಈ ವ್ಯಾಪಾರದ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅಲ್ಲಿಂದ ಇಳಿಜಾರು. 1890ರ ದಶಕದಲ್ಲಿ ಸನ್‌ಲೈಟ್ ಸೋಪು ತಯಾರಿಸುತ್ತಿದ್ದ ಲಿವರ್ ಬ್ರದರ್ಸ್, ಸೋಪಿನ ಹೊದಿಕೆಯ ತುಂಡುಗಳನ್ನು ಕೂಡಿಹಾಕಿ ಕಳಿಸುವ ಎಳೆಯರಿಗೆ ಬಹುಮಾನವಾಗಿ ಕಾದಂಬರಿಗಳನ್ನು ಕೊಡುತ್ತಿತ್ತು. ಅವುಗಳಲ್ಲಿ ಆಸ್ಟಿನ್ ಕೃತಿಗಳೂ ಇದ್ದವು. ಬಟ್ಟೆ ಒಗೆಯುವವರ ಮನೆಗೆ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಹೋದದ್ದು ಹೀಗೆ. ಇಂಥ ಪ್ರತಿಗಳ ಕತೆಯನ್ನು ಜನೀನ್ ಬಾರ್ಕಸ್ 2019ರ ‘ದಿ ಲಾಸ್ಟ್ ಬುಕ್ಸ್ ಆಫ್ ಜೇನ್ ಆಸ್ಟಿನ್’ ಎಂಬ ಪುಸ್ತಕದಲ್ಲಿ ಹೇಳಿದ್ದಾರೆ. ದೊಡ್ಡ ಗ್ರಂಥಾಲಯಗಳು ಜೋಪಾನ ಮಾಡಿದ್ದು ಚರ್ಮದ ಬೈಂಡಿನ ಮೊದಲ ಮುದ್ರಣಗಳನ್ನು. ಅಗ್ಗದ ಪ್ರತಿಗಳು ಓದಿ ಓದಿ ಹರಿದು ರದ್ದಿಗೆ ಹೋದವು. ಹಾಗಾಗಿ ಆಸ್ಟಿನ್‌ಳ ಚರಿತ್ರೆ ಬರೆದವರು ಬಹುಕಾಲ ದುಬಾರಿ ಪ್ರತಿಗಳನ್ನಷ್ಟೇ ಕಂಡರು; ಅವಳನ್ನು ಮನೆಮನೆಗೆ ಒಯ್ದ ಪ್ರತಿಗಳು ಲೆಕ್ಕಕ್ಕೇ ಬರಲಿಲ್ಲ. ಕನ್ನಡದ ಹಳೆಯ ಜನಪ್ರಿಯ ಕಾದಂಬರಿಗಳ ಮೊದಲ ಮುದ್ರಣಗಳನ್ನು ಹುಡುಕಿಕೊಂಡು ಗ್ರಂಥಾಲಯಗಳನ್ನು ಅಲೆದವರಿಗೆ ಈ ಮಾತು ಹೊಸದಲ್ಲ.

ಹುಡುಗಿಯ ಫೋನಿನಲ್ಲಿದ್ದ ಉಳಿದ ಬೆಲೆಗಳೂ ಈ ಕಾಲದಲ್ಲೇ ಬೇರುಬಿಟ್ಟವು. ಆ ಬಂಗಾರದ ನವಿಲು 1894ರದ್ದು. ಜಾರ್ಜ್ ಅಲೆನ್ ಎಂಬ ಪ್ರಕಾಶಕ ಹ್ಯೂ ಥಾಮ್ಸನ್‌ನ ರೇಖಾಚಿತ್ರಗಳೊಂದಿಗೆ, ರಟ್ಟಿನ ಮೇಲೆ ಗರಿ ಬಿಚ್ಚಿದ ನವಿಲಿನೊಂದಿಗೆ ಅದನ್ನು ಉಡುಗೊರೆಯ ಪುಸ್ತಕವಾಗಿ ತಂದಿದ್ದ. ಎಲ್ಲರಿಗೂ ಸಿಗುವ ಪುಸ್ತಕವಾದ ಮೇಲೆ, ‘ನನ್ನದು ಎಲ್ಲರದರಂತಲ್ಲ’ ಎನ್ನುವವರಿಗೆ ಒಂದು ಪ್ರತಿ ಬೇಕಾಗುತ್ತದೆ. 1906ರಲ್ಲಿ ಜೆ.ಎಂ. ಡೆಂಟ್ ಆರಂಭಿಸಿದ ‘ಎವ್ರಿಮನ್ಸ್ ಲೈಬ್ರರಿ’ ಒಂದು ಶಿಲಿಂಗಿಗೆ ಒಳ್ಳೆಯ ಬೈಂಡಿನ ಪ್ರತಿ ಕೊಟ್ಟಿತು. 1923ರಲ್ಲಿ ಆರ್.ಡಬ್ಲ್ಯು. ಚಾಪ್‌ಮನ್ ಆಕ್ಸ್‌ಫರ್ಡಿನಿಂದ ತಂದ ಆವೃತ್ತಿ ಮೊದಲ ಮುದ್ರಣಗಳನ್ನು ಹೋಲಿಸಿ, ತಪ್ಪುಗಳನ್ನು ಗುರುತಿಸಿ, ಮೂರು ಸಂಪುಟಗಳ ವಿಭಾಗವನ್ನೂ ಉಳಿಸಿಕೊಂಡಿತು. ಗ್ರೀಕ್, ಲ್ಯಾಟಿನ್ ಕೃತಿಗಳಿಗೆ ಬಳಸುತ್ತಿದ್ದ ಪಠ್ಯಶೋಧನೆಯ ಶಿಸ್ತು ಒಂದು ಇಂಗ್ಲಿಷ್ ಕಾದಂಬರಿಗೆ ದಕ್ಕಿತ್ತು. ಟಿಪ್ಪಣಿ ಸಹಿತದ ದುಬಾರಿ ಪ್ರತಿ ಈ ಸಾಲಿನದು. 1938ರಲ್ಲಿ ಪೆಂಗ್ವಿನ್ ಇದನ್ನು ಹೆಲೆನ್ ಬಿನ್ಯನ್‌ಳ ಮರಗೆತ್ತನೆಯ ಚಿತ್ರಗಳೊಂದಿಗೆ 6 ಪೆನ್ಸಿಗೆ ತಂದಿತು. 18 ಶಿಲಿಂಗ್ ಎಂದರೆ 216 ಪೆನ್ಸ್. 125 ವರ್ಷಗಳಲ್ಲಿ ನಾಣ್ಯದ ಲೆಕ್ಕದಲ್ಲೇ ಬೆಲೆ 36ನೆಯ ಒಂದು ಪಾಲಿಗೆ ಇಳಿದಿತ್ತು. ಕೂಲಿ ಏರಿದ್ದನ್ನು ಸೇರಿಸಿಕೊಂಡರೆ ಇಳಿತ ಇನ್ನೂ ಹೆಚ್ಚು.

ಇನ್ನೊಂದು ಬೆಲೆ ನೇರವಾಗಿ ನಮಗೆ ಸಂಬಂಧಿಸಿದ್ದು. ವಿದೇಶಿ ಪ್ರಕಾಶಕರ ಪುಸ್ತಕಗಳ ಹಿಂಬದಿಯಲ್ಲಿ ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂಬ ಸಾಲನ್ನು ನೋಡಿರುತ್ತೀರಿ. 1843ರಲ್ಲಿ ಜಾನ್ ಮರ್ರಿಯ ಸಂಸ್ಥೆ ವಸಾಹತುಗಳ ಓದುಗರಿಗೆಂದು ಅಗ್ಗದ ಮಾಲೆಯೊಂದನ್ನು ಹೊರಡಿಸಿತು. 1886ರಲ್ಲಿ ಮ್ಯಾಕ್‌ಮಿಲನ್‌ನ ‘ಕಲೋನಿಯಲ್ ಲೈಬ್ರರಿ’ ಶುರುವಾಯಿತು. ಆ ಪುಸ್ತಕಗಳು ಭಾರತ ಮತ್ತು ಇತರ ವಸಾಹತುಗಳಲ್ಲಿ ಮಾತ್ರ ಮಾರಾಟವಾಗಬೇಕು, ಬ್ರಿಟನ್ನಿಗೆ ವಾಪಸು ಬರಕೂಡದು. ಅಲ್ಲಿ ಅವೇ ಕಾದಂಬರಿಗಳಿಗೆ ಹೆಚ್ಚಿನ ಬೆಲೆ ಇತ್ತಲ್ಲ! ಹೀಗೆ ಒಂದೇ ಪುಸ್ತಕಕ್ಕೆ ದೇಶ ನೋಡಿ ಬೆಲೆ ಕಟ್ಟುವ ಪದ್ಧತಿ ಬೇರೂರಿತು. ಇಂದು ವಿದೇಶದ ಮಳಿಗೆಯ ಬೆಲೆಯನ್ನು ನಮ್ಮ ಮಳಿಗೆಯ ಬೆಲೆಯೊಂದಿಗೆ ಹೋಲಿಸಿ ಅಚ್ಚರಿಪಡುವಾಗ ನಾವು ನೋಡುತ್ತಿರುವುದು ಆ ಪದ್ಧತಿಯ ಮುಂದುವರಿಕೆಯನ್ನು.

ಅಂದಹಾಗೆ, ಬೆಲೆ ಹೋಲಿಸುವ ಈ ಅಭ್ಯಾಸವೂ ಹೊಸದೇ. ಬ್ರಿಟನ್ನಿನಲ್ಲಿ 1900ರಿಂದ ‘ನೆಟ್ ಬುಕ್ ಅಗ್ರಿಮೆಂಟ್’ ಎಂಬ ಒಪ್ಪಂದ ಜಾರಿಯಲ್ಲಿತ್ತು. ಪ್ರಕಾಶಕರು ಅಚ್ಚು ಹಾಕಿದ ಬೆಲೆಗಿಂತ ಕಡಿಮೆಗೆ ಯಾವ ಅಂಗಡಿಯೂ ಹೊಸ ಪುಸ್ತಕ ಮಾರುವಂತಿಲ್ಲ. ಮಾರಿದರೆ ಅವರಿಗೆ ಪುಸ್ತಕ ಪೂರೈಕೆ ನಿಲ್ಲುತ್ತಿತ್ತು. ಅಂದರೆ ಒಂದು ಶತಮಾನದ ಹತ್ತಿರ ಹತ್ತಿರ, ಒಂದೇ ಆವೃತ್ತಿಯ ಬೆಲೆಯನ್ನು ಎರಡು ಅಂಗಡಿಗಳಲ್ಲಿ ಹೋಲಿಸುವುದಕ್ಕೆ ಅಲ್ಲಿ ಅರ್ಥವೇ ಇರಲಿಲ್ಲ. ಎಲ್ಲ ಅಂಗಡಿಗಳಿಗೂ ಒಂದೇ ಬೆಲೆ ಇದ್ದರೆ ಸಣ್ಣ ಅಂಗಡಿ ಉಳಿಯುತ್ತದೆ, ನಿಧಾನಕ್ಕೆ ಮಾರಾಟವಾಗುವ ಗಂಭೀರ ಪುಸ್ತಕಕ್ಕೂ ಕಪಾಟಿನಲ್ಲಿ ಜಾಗ ಸಿಗುತ್ತದೆ ಎಂಬುದು ವಾದ. 1962ರಲ್ಲಿ ನ್ಯಾಯಾಲಯವೂ ಅದನ್ನು ಒಪ್ಪಿತ್ತು. 1995ರಲ್ಲಿ ದೊಡ್ಡ ಪ್ರಕಾಶಕರು ಹೊರನಡೆದು ಒಪ್ಪಂದ ಕುಸಿಯಿತು. 1997ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಮೆಜಾನ್ ಅಮೆರಿಕದಲ್ಲಿ ಪುಸ್ತಕ ಮಾರಲು ಶುರುಮಾಡಿದ್ದು ಅದೇ 1995ರಲ್ಲಿ. ಫ್ರಾನ್ಸಿನಲ್ಲಿ 1981ರ ಕಾಯಿದೆಯ ಪ್ರಕಾರ ಹೊಸ ಪುಸ್ತಕಕ್ಕೆ ಇವತ್ತಿಗೂ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ನಮ್ಮಲ್ಲಿ ಅಚ್ಚಾದ ಬೆಲೆ ಗರಿಷ್ಠ ಮಿತಿ ಮಾತ್ರ, ಅದಕ್ಕಿಂತ ಎಷ್ಟು ಇಳಿಸಿದರೂ ಕೇಳುವವರಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿದಾಗ ಅದು ಮಾರುತ್ತಿದ್ದದ್ದೂ ಪುಸ್ತಕಗಳನ್ನೇ. ರಿಯಾಯಿತಿಯ ರುಚಿ ಹತ್ತಿದ ಮೇಲೆ ನಮ್ಮೂರಿನ ಪುಸ್ತಕದಂಗಡಿಯ ಮೆಟ್ಟಿಲು ಎಷ್ಟು ಸಲ ಹತ್ತಿದ್ದೇವೆ ಎಂದು ನಾವೇ ಕೇಳಿಕೊಳ್ಳಬೇಕು.

ಕೊನೆಗೆ ಉಳಿದದ್ದು ಸೊನ್ನೆ. 1971ರಲ್ಲಿ ಮೈಕೆಲ್ ಹಾರ್ಟ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್, ಹಕ್ಕು ತೀರಿದ ಕೃತಿಗಳನ್ನು ಉಚಿತವಾಗಿ ಹಂಚುತ್ತದೆ. ಅದರ 1342ನೆಯ ಪುಸ್ತಕ ‘ಪ್ರೈಡ್ ಅಂಡ್ ಪ್ರಿಜುಡಿಸ್’. ಹೀಗೆ ಉಚಿತವಾಗಿ ಸಿಗುವ ಪಠ್ಯವನ್ನು ಇಳಿಸಿಕೊಂಡು, ಮುಖಪುಟ ಅಂಟಿಸಿ, ಬೇಡಿಕೆ ಬಂದಾಗ ಮುದ್ರಿಸಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಪಟ್ಟಿಯ ತಳದಲ್ಲಿರುವ ಕೆಲವು ಪ್ರತಿಗಳು ಈ ಜಾತಿಯವು. ಸಂಪಾದಕರ ಹೆಸರಿಲ್ಲ, ಯಾವ ಮುದ್ರಣವನ್ನು ಅನುಸರಿಸಿದ್ದು ಎಂಬ ಸುಳಿವಿಲ್ಲ, ಕೆಲವೊಮ್ಮೆ ಪೂರ್ತಿ ಕೃತಿಯೋ ಸಂಗ್ರಹವೋ ಎಂಬುದೂ ರಟ್ಟಿನ ಮೇಲೆ ಇರುವುದಿಲ್ಲ. ಅದೇ ಪಟ್ಟಿಯ ತುದಿಯಾಚೆ, ಹರಾಜು ಮನೆಗಳಲ್ಲಿ, 1813ರ ಮೂರು ಸಂಪುಟಗಳು ಹತ್ತಾರು ಸಾವಿರ ಪೌಂಡಿಗೆ ಕೈ ಬದಲಾಯಿಸುತ್ತಿವೆ. ಅವುಗಳನ್ನು ಕೊಂಡವರು ಓದಲಿಕ್ಕೆಂದು ಕೊಳ್ಳುವುದಿಲ್ಲ.

ಈ ಚರಿತ್ರೆಯನ್ನು ಮುಂದಿಟ್ಟುಕೊಂಡು ಕನ್ನಡದ ಕಡೆ ತಿರುಗಿದರೆ ಒಂದು ಪ್ರಶ್ನೆ ಕಾಡುತ್ತದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಮೊದಲು 50 ಇದ್ದದ್ದು, 1941ರಲ್ಲಿ ತೀರಿಕೊಂಡ ಟಾಗೋರರ ಹಕ್ಕಿನ ಅವಧಿ ಮುಗಿಯುತ್ತಿದ್ದ ಸಂದರ್ಭದಲ್ಲಿ, 1992ರ ತಿದ್ದುಪಡಿಯಿಂದ 60 ಆಯಿತು. ಈ ಲೆಕ್ಕದಲ್ಲಿ ಮಾಸ್ತಿಯವರ ಕಾದಂಬರಿಗಳು 2046ರವರೆಗೆ, ಕುವೆಂಪು ಅವರವು 2054ರವರೆಗೆ, ಕಾರಂತರವು 2057ರವರೆಗೆ ಹಕ್ಕಿನೊಳಗಿರುತ್ತವೆ. ಅದರಲ್ಲಿ ತಪ್ಪೇನಿಲ್ಲ. 110 ಪೌಂಡಿಗೆ ಎಲ್ಲವನ್ನೂ ಮಾರಿಕೊಂಡ ಆಸ್ಟಿನ್‌ಳ ಗತಿ ಯಾವ ಲೇಖಕರಿಗೂ ಬೇಡ. ಆದರೆ ಹಕ್ಕು ತೀರಿದ ಕೃತಿಗಳಿಗೆ ನಾವು ಏನು ಮಾಡುತ್ತಿದ್ದೇವೆ? ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’ ಎಂದೋ ಎಲ್ಲರ ಸೊತ್ತಾಗಿದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳಲ್ಲಿ ಅವರು ಬದುಕಿದ್ದಾಗ ಪ್ರಕಟವಾದವು 2024ರ ಜನವರಿ 1ರಿಂದ ಮುಕ್ತವಾಗಿವೆ. ಆಸ್ಟಿನ್‌ಳಂತೆಯೇ ಮಧ್ಯಮ ವರ್ಗದ ಹೆಣ್ಣುಮಕ್ಕಳ ಮನಸ್ಸನ್ನು ಬರೆದವರು, ಆಸ್ಟಿನ್‌ಳಿಗಿಂತಲೂ ಬೇಗ ಹೋದವರು, ಬಾಡಿಗೆ ಅಂಗಡಿಗಳ ಕಪಾಟಿನಲ್ಲಿ ಬದುಕಿದವರು. ಹಕ್ಕಿನ ಬಾಗಿಲು ತೆರೆದಿದೆ. ಇನ್ನು ಬೇಕಾದದ್ದು ಮೊದಲ ಮುದ್ರಣಗಳನ್ನು ಹುಡುಕಿ ಹೋಲಿಸುವ ಒಬ್ಬ ಚಾಪ್‌ಮನ್, ಅದನ್ನು ರೈಲು ನಿಲ್ದಾಣದ ಬೆಲೆಗೆ ತಲುಪಿಸುವ ಒಬ್ಬ ರೌಟ್ಲೆಜ್. ಇಬ್ಬರೂ ಒಟ್ಟಿಗೆ ಬರಬೇಕು. ಬರೀ ಎರಡನೆಯವರು ಬಂದರೆ ತಪ್ಪುಗಳ ಅಗ್ಗದ ರಾಶಿ ಸಿಗುತ್ತದೆ. ಬರೀ ಮೊದಲನೆಯವರು ಬಂದರೆ ಪುಸ್ತಕ ಗ್ರಂಥಾಲಯದ ಬೀಗ ಹಾಕಿದ ಬೀರುವಿನಲ್ಲಿ ಕೂರುತ್ತದೆ.

ಆ ಹುಡುಗಿ ಕಳೆದ ವಾರ ಮತ್ತೆ ಸಿಕ್ಕಿದ್ದಳು. ನಾನು ಹೇಳಿದಂತೆ ಅಗ್ಗದ ಪ್ರತಿಯನ್ನೇ ಕೊಂಡಿದ್ದಳು. ಕಾಗದ ತೆಳು, ಅಕ್ಷರ ಸಣ್ಣದು, ಆದರೂ ಪಠ್ಯ ಪೂರ್ತಿ ಇತ್ತು. ನನ್ನ ಉತ್ತರವನ್ನು ಬದಲಿಸಬೇಕು ಎನಿಸಲಿಲ್ಲ. ಈ ಕಾದಂಬರಿಯನ್ನು ಉಳಿಸಿ ಇಲ್ಲಿಯವರೆಗೆ ತಂದದ್ದೇ ಅಂಥ ಪ್ರತಿಗಳು. ಆದರೂ ಅವಳ ಪುಸ್ತಕ ತೆಗೆದುಕೊಂಡು 23ನೆಯ ಅಧ್ಯಾಯದ ಕೊನೆಗೊಂದು, 42ನೆಯ ಅಧ್ಯಾಯದ ಕೊನೆಗೊಂದು ಪೆನ್ಸಿಲ್ ಗೆರೆ ಎಳೆದುಕೊಟ್ಟೆ. ‘ಇಲ್ಲಿ ಬಂದಾಗ ಪುಸ್ತಕ ಮುಚ್ಚಿ ಒಂದು ದಿನ ಸುಮ್ಮನಿರು, ಆಮೇಲೆ ಮುಂದೆ ಓದು’ ಎಂದೆ.